ಹನ್ನೊಂದೂವರೆ ದಿನದ ನೆನಪು

ಜನವರಿಯ ಕೊನೆಯ ವಾರ. ಕಣದ ತುಂಬ ಚೆರ್ರಿ ಹರವಿತ್ತು. ಬೆಳಿಗ್ಗೆ ತೋಟದ ರೈಟರ್ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತರು. ಅವರು ಕೂರದೆ ಹಾಗೆ ನಿಂತರೆಂದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ. "ಅಣ್ಣ, ನಾಲ್ಕು ಮೂಟೆ ಕಮ್ಮಿ ಬರ್ತಾ ಇದೆ" ಅಂದರು.

ನಮ್ಮ ಯಸಳೂರು ಹೋಬಳಿಯಲ್ಲಿ ಕಾಫಿಗೆ ಒಳ್ಳೆಯ ದರ ಬಂದ ವರ್ಷ ಕಣಕ್ಕೆ ಕಾವಲೂ ಹೆಚ್ಚುತ್ತದೆ. ನಾನೂ ಹಿಂದಿನ ವರ್ಷ ನಾಲ್ಕು ಕ್ಯಾಮೆರಾ ಹಾಕಿಸಿದ್ದೆ. ಕಣಕ್ಕೆ ಎರಡು, ಗೋಡೌನಿನ ಬಾಗಿಲಿಗೊಂದು, ಗೇಟಿಗೊಂದು. ಅಂಗಡಿಯ ಹುಡುಗ ಡಿವಿಆರ್ ಪೆಟ್ಟಿಗೆಯೊಳಗೆ ಹಾರ್ಡ್ ಡಿಸ್ಕ್ ಕೂರಿಸುತ್ತ, "ಒಂದು ಟಿಬಿ ಹಾಕಿದೀನಿ ಸಾರ್, ಆರಾಮಾಗಿ ಒಂದು ತಿಂಗಳು ನಿಲ್ಲುತ್ತೆ" ಅಂದಿದ್ದ. ನಾನು ತಲೆಯಾಡಿಸಿದ್ದೆ. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಊರಿಗೆ ಮರಳಿದವನು ನಾನು. ಆಗಲೇ ಒಂದು ಗುಣಾಕಾರ ಮಾಡಬಹುದಿತ್ತು, ಮಾಡಲಿಲ್ಲ.

ಮೂಟೆ ಹಿಂದಿನ ಸಲ ಎಣಿಸಿದ್ದು ಹದಿನೈದು ದಿನದ ಕೆಳಗೆ. ಡಿವಿಆರ್ ತೆರೆದು ಹಿಂದಕ್ಕೆ ಓಡಿಸುತ್ತ ಹೋದೆವು. ನಾಯಿ ಕಂಡಿತು, ರಾತ್ರಿ ಸುತ್ತು ಹಾಕುವ ರೈಟರ್ ಅವರದೇ ಟಾರ್ಚು ಕಂಡಿತು. ಒಂದು ರಾತ್ರಿ ಮೂರು ಗಂಟೆಗೆ ಗೇಟಿನ ಮುಂದೆ ಆನೆಯೊಂದು ಅವಸರವಿಲ್ಲದೆ ದಾಟಿಹೋಯಿತು. ಅದು ಮೂಟೆಯನ್ನೇನೂ ಹೊತ್ತಿರಲಿಲ್ಲ. ಹನ್ನೊಂದೂವರೆ ದಿನದಷ್ಟು ಹಿಂದೆ ಹೋದಮೇಲೆ ಪರದೆ ಕಪ್ಪಾಯಿತು. ಅದರಾಚೆಗಿನದನ್ನು ಪೆಟ್ಟಿಗೆ ಅಳಿಸಿ, ಅದೇ ಜಾಗದಲ್ಲಿ ಹೊಸದನ್ನು ಬರೆದುಕೊಂಡಿತ್ತು. ಕಳ್ಳ ಬಂದದ್ದು ಆ ಅಳಿಸಿಹೋದ ಮೂರೂವರೆ ದಿನದಲ್ಲಿ.

ಗಣರಾಜ್ಯೋತ್ಸವದ ರಜೆಗೆ ಬಂದಿದ್ದ ಅಕ್ಕನ ಮಗ ಪಕ್ಕದಲ್ಲೇ ಇದ್ದ. ಕೆಲಸ ಬದಲಿಸಲು ಓದಿಕೊಳ್ಳುತ್ತಿದ್ದಾನೆ. "ಮಾವ, ಇಂಟರ್‌ವ್ಯೂನಲ್ಲಿ ಇದನ್ನೇ ಕೇಳ್ತಾರೆ. ವಿಡಿಯೋ ಸ್ಟ್ರೀಮಿಂಗ್ ಕಂಪನಿ ಕಟ್ಟಬೇಕು, ಎಷ್ಟು ಸ್ಟೋರೇಜ್ ಬೇಕು, ಬೋರ್ಡ್ ಮೇಲೆ ಅಂದಾಜು ಮಾಡಿ ತೋರ್ಸು ಅಂತಾರೆ" ಎಂದ. ಮೇಜಿನ ಮೇಲಿದ್ದ ತೂಕದ ಚೀಟಿ ತಿರುಗಿಸಿ ಅದರ ಬೆನ್ನಿಗೆ ಲೆಕ್ಕ ಹಾಕತೊಡಗಿದ. ಆ ಚೀಟಿಯ ಲೆಕ್ಕವನ್ನೇ ಇವತ್ತು ಬಿಡಿಸಿ ಹೇಳುತ್ತೇನೆ. ಕಣದ ಕ್ಯಾಮೆರಾಕ್ಕೂ ದೊಡ್ಡ ಒಟಿಟಿ ಕಂಪನಿಗೂ ಲೆಕ್ಕದ ಬುಡ ಒಂದೇ.

ಮಳೆಗಾಲದಲ್ಲಿ ಪತ್ರಿಕೆ ಬಂದ ಕೂಡಲೇ ನಮ್ಮ ಜಿಲ್ಲೆಯವರ ಕಣ್ಣು ಹೋಗುವುದು ಜಲಾಶಯದ ಮಟ್ಟದ ಪಟ್ಟಿಗೆ. ಗೊರೂರಿನ ಹೇಮಾವತಿ ಜಲಾಶಯ: ಗರಿಷ್ಠ ಮಟ್ಟ 2,922 ಅಡಿ, ಸಾಮರ್ಥ್ಯ 37.103 ಟಿಎಂಸಿ, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಟಿಎಂಸಿ ಎಂದರೆ ನಿಂತ ನೀರು, ಕ್ಯುಸೆಕ್ ಎಂದರೆ ಸೆಕೆಂಡಿಗೆ ಹರಿಯುವ ನೀರು. ಇವೆರಡನ್ನು ಬೆರೆಸದೆ ಓದುವ ಅಭ್ಯಾಸ ಇಲ್ಲಿನ ಹೈಸ್ಕೂಲು ಮಕ್ಕಳಿಗೂ ಇದೆ. ವಿಡಿಯೋದ ಲೆಕ್ಕಕ್ಕೆ ಬೇಕಾದದ್ದೂ ಅಷ್ಟೇ. ಡಿಸ್ಕಿನ ಜಿಬಿ, ಟಿಬಿಗಳು ಟಿಎಂಸಿ ಇದ್ದಂತೆ. ವಿಡಿಯೋ ಹರಿಯುವ ವೇಗಕ್ಕೆ ಬಿಟ್‌ರೇಟ್ ಎನ್ನುತ್ತಾರೆ, ಅದು ಕ್ಯುಸೆಕ್. ಅದನ್ನು ಅಳೆಯುವುದು ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಹತ್ತು ಲಕ್ಷ ಬಿಟ್ ಎಂದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಒಂದು ಎಂಬಿಪಿಎಸ್ ಹರಿವು ಒಂದು ಗಂಟೆಯಲ್ಲಿ 450 ಎಂಬಿ ಜಾಗ ತುಂಬುತ್ತದೆ. ಈ 450 ಎಂಬ ಒಂದು ಸಂಖ್ಯೆ ನೆನಪಿಟ್ಟರೆ ಮುಂದಿನದೆಲ್ಲ ಮಗ್ಗಿ.

ನಮ್ಮ ಒಂದೊಂದು ಕ್ಯಾಮೆರಾ ಬರೆಯುತ್ತಿದ್ದದ್ದು 2 ಎಂಬಿಪಿಎಸ್. ನಾಲ್ಕು ಸೇರಿ 8, ಅಂದರೆ ಸೆಕೆಂಡಿಗೆ ಸರಿಯಾಗಿ ಒಂದು ಎಂಬಿ. ಒಂದು ಟಿಬಿ ಎಂದರೆ ಹತ್ತು ಲಕ್ಷ ಎಂಬಿ. ಹತ್ತು ಲಕ್ಷ ಸೆಕೆಂಡಿಗೆ ಡಿಸ್ಕ್ ತುಂಬಬೇಕು. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ 11.574 ದಿನ. ತಿಂಗಳೂ ಇಲ್ಲ, ಹದಿನೈದು ದಿನವೂ ಇಲ್ಲ.

ಈ ಅಂಕೆಗಳನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಒಂದು ಟಿಎಂಸಿ ನೀರು ಒಂದೇ ದಿನದಲ್ಲಿ ಹರಿದುಬರಬೇಕಾದರೆ ಎಷ್ಟು ಕ್ಯುಸೆಕ್ ಬೇಕು ಎಂದು ನೀರಾವರಿಯವರನ್ನು ಕೇಳಿ, 11,574 ಎನ್ನುತ್ತಾರೆ. ಅಲ್ಲಿ ನೂರು ಕೋಟಿ ಘನ ಅಡಿಯನ್ನು 86,400ರಿಂದ ಭಾಗಿಸುತ್ತಾರೆ, ಇಲ್ಲಿ ಹತ್ತು ಲಕ್ಷ ಸೆಕೆಂಡನ್ನು. ಅಣೆಕಟ್ಟೆಯ ಲೆಕ್ಕಕ್ಕೂ ಡಿವಿಆರ್ ಲೆಕ್ಕಕ್ಕೂ ಅಡಿಯಲ್ಲಿ ಕೂತಿರುವುದು ಒಂದು ದಿನದ ಸೆಕೆಂಡುಗಳು. ವ್ಯತ್ಯಾಸ ಇರುವುದು ತುಂಬಿದ ಮೇಲೆ. ಜಲಾಶಯ ತುಂಬಿದರೆ ಗೇಟು ತೆಗೆದು ಹೊಸ ನೀರನ್ನು ಹೊರಗೆ ಬಿಡುತ್ತಾರೆ. ಡಿವಿಆರ್ ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಅಳಿಸುತ್ತದೆ.

ಕ್ಯಾಮೆರಾದ ಕಣ್ಣಿಗೆ ಬೀಳುವುದೆಲ್ಲ 2 ಎಂಬಿಪಿಎಸ್‌ನಲ್ಲಿ ಹಿಡಿಸಿದ್ದಾದರೂ ಹೇಗೆ? ಅದಕ್ಕೂ ಒಂದು ಲೆಕ್ಕ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕಿ. ಒಟ್ಟು ಇಪ್ಪತ್ತು ಲಕ್ಷದ ಮೇಲೆ. ಚುಕ್ಕಿಗೆ ಮೂರು ಬೈಟ್ ಬಣ್ಣ, ಸೆಕೆಂಡಿಗೆ 25 ಚಿತ್ರ. ಇದ್ದದ್ದು ಇದ್ದಂತೆ ಬರೆದರೆ ಗಂಟೆಗೆ ಸುಮಾರು 560 ಜಿಬಿ ಆಗುತ್ತದೆ. ಎರಡು ಗಂಟೆ ದಾಟುವುದರೊಳಗೆ ಒಂದು ಟಿಬಿ ಡಿಸ್ಕ್ ಮುಗಿಯಿತು.

ಕಾಫಿ ವ್ಯಾಪಾರಿ ಮೂಟೆಯ ತೂಕವೊಂದನ್ನೇ ನೋಡಿ ದರ ಹೇಳುವುದಿಲ್ಲ, ಔಟ್‌ಟರ್ನ್ ಎಷ್ಟು ಅಂತ ಕೇಳುತ್ತಾನೆ. ಐವತ್ತು ಕೆ.ಜಿ. ಚೆರ್ರಿಯಲ್ಲಿ ಸಿಪ್ಪೆ ಕಳೆದು ಬೀಜ ಎಷ್ಟು ಸಿಗುತ್ತದೆ ಎಂಬುದು ಅವನಿಗೆ ಮುಖ್ಯ. ವಿಡಿಯೋದಲ್ಲಿ ಸಿಪ್ಪೆಯೇ ಬಹುಪಾಲು. ಕಣದ ಗೋಡೆ ಒಂದು ಸೆಕೆಂಡಿನಲ್ಲಿ ಇಪ್ಪತ್ತೈದು ಸಲ ಅದೇ ಗೋಡೆ. ಹಾಗಾಗಿ ಕೋಡೆಕ್ ಎಂಬ ತಂತ್ರಾಂಶ ಒಮ್ಮೆ ಗೋಡೆಯನ್ನು ಬರೆದಿಟ್ಟು, ಆಮೇಲೆ ಬದಲಾದದ್ದನ್ನು ಮಾತ್ರ ಬರೆಯುತ್ತದೆ: ನಾಯಿ ಎಡಕ್ಕೆ ಇಷ್ಟು ಸರಿಯಿತು, ಟಾರ್ಚಿನ ಬೆಳಕು ಇಲ್ಲಿಗೆ ಬಂತು. 2003ರಲ್ಲಿ ಬಂದ ಎಚ್.264, 2013ರ ಎಚ್‌ಇವಿಸಿ, 2018ರ ಎವಿ1, ಇವೆಲ್ಲ ಹೀಗೆ ಸಿಪ್ಪೆ ಸುಲಿಯುವ ಹಲ್ಲರ್‌ಗಳೇ. ಹೊಸದು ಬಂದಂತೆಲ್ಲ ಅದೇ ಚಿತ್ರ ಇನ್ನೂ ಕಡಿಮೆ ಜಾಗದಲ್ಲಿ ಕೂರುತ್ತದೆ.

ಈ ಹಲ್ಲರ್ ಸೋಲುವುದು ನಮ್ಮ ಜುಲೈ ತಿಂಗಳಿಗೆ. ಜಡಿಮಳೆಯ ದಿನ ಗೇಟಿನ ಕ್ಯಾಮೆರಾ ನೋಡಿ. ಹನಿ ಹನಿಯೂ ಬೇರೆ, ಸಿಲ್ವರ್ ಓಕಿನ ಒಂದೊಂದು ಎಲೆಯೂ ಒಂದೊಂದು ದಿಕ್ಕಿಗೆ. ಹಿಂದಿನ ಚಿತ್ರದಿಂದ ಉಳಿಸಿಕೊಳ್ಳಲು ಏನೂ ಇಲ್ಲ. ಬಿಟ್‌ರೇಟ್ ಕಟ್ಟಿಹಾಕಿದ್ದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಬಿಟ್ಟಿದ್ದರೆ ಡಿಸ್ಕ್ ಬೇಗ ತುಂಬುತ್ತದೆ. ಹಾಗಾಗಿ ಗಂಟೆಗೆ ಇಷ್ಟು ಜಿಬಿ ಎಂಬ ಮಾತು ಯಾವಾಗಲೂ ಸರಾಸರಿಯ ಮಾತು. ಸುದ್ದಿ ಓದುವವರ ಮುಖಕ್ಕೂ ಕ್ರಿಕೆಟ್ ಮೈದಾನದ ಹುಲ್ಲಿಗೂ ಒಂದೇ ದರ ಹಾಕಲಾಗದು. ನೆಟ್‌ಫ್ಲಿಕ್ಸ್ 2015ರ ಡಿಸೆಂಬರ್‌ನಲ್ಲಿ ಈ ಬಗ್ಗೆ ಬರೆದುಕೊಂಡಿತು. ಎಲ್ಲ ಚಿತ್ರಕ್ಕೂ ಒಂದೇ ಅಳತೆ ಎಂಬ ಪದ್ಧತಿ ಬಿಟ್ಟು, ಒಂದೊಂದು ಚಿತ್ರವನ್ನೂ ನೋಡಿ ಅದಕ್ಕೆ ತಕ್ಕ ಬಿಟ್‌ರೇಟ್ ಆರಿಸುವ ಪದ್ಧತಿಗೆ ಹೋಗುತ್ತಿದ್ದೇವೆ ಎಂದಿತು.

ಅಲ್ಲಿಯವರೆಗೆ ಬಳಸುತ್ತಿದ್ದ ಹಳೆಯ ಅಳತೆಯನ್ನೂ ಅದೇ ಬರಹದಲ್ಲಿ ಕೊಟ್ಟಿತ್ತು. ಒಂದು ಚಿತ್ರಕ್ಕೆ ಹತ್ತು ಮೆಟ್ಟಿಲು. ಕೆಳಗಿನ ಮೆಟ್ಟಿಲು ಸೆಕೆಂಡಿಗೆ 235 ಕಿಲೋಬಿಟ್, ಮೇಲಿನದು 5,800. ಯಾಕೆ ಹತ್ತು? ಯಸಳೂರಿನಿಂದ ಸಕಲೇಶಪುರಕ್ಕೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಸಿನಿಮಾ ನೋಡಿದವರಿಗೆ ಉತ್ತರ ಗೊತ್ತು. ದಿಣ್ಣೆ ಹತ್ತಿದಾಗ ನಾಯಕಿಯ ಮೂಗುತಿ ಹೊಳೆಯುತ್ತದೆ, ತಗ್ಗಿಗೆ ಇಳಿದಾಗ ಮುಖವೇ ಮಸುಕು. ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಹತ್ತು ದರ್ಜೆಯಲ್ಲಿ ಮೊದಲೇ ಸಿದ್ಧಮಾಡಿ ಇಟ್ಟಿರುತ್ತಾರೆ. ಸಿಗ್ನಲ್ ಬಿದ್ದ ಕೂಡಲೇ ಫೋನು ಮುಂದಿನ ತುಂಡನ್ನು ಕೆಳಗಿನ ಮೆಟ್ಟಿಲಿನಿಂದ ಕೇಳುತ್ತದೆ. ನೋಡುವವನ ಪಾಲಿಗೆ ಸಿನಿಮಾ ಒಂದೇ, ಇಟ್ಟುಕೊಳ್ಳುವವನ ಪಾಲಿಗೆ ಹತ್ತು.

ಹತ್ತು ಮೆಟ್ಟಿಲನ್ನೂ ಕೂಡಿದರೆ ಸೆಕೆಂಡಿಗೆ 20,170 ಕಿಲೋಬಿಟ್, ಅಂದರೆ 20 ಎಂಬಿಪಿಎಸ್ ಚಿಲ್ಲರೆ. ನಮ್ಮ 450ರ ಮಗ್ಗಿಯಿಂದ ಗಂಟೆಗೆ 9 ಜಿಬಿ. ಮೇಲಿನ ಮೆಟ್ಟಿಲು ಒಂದನ್ನೇ ಇಟ್ಟಿದ್ದರೆ 2.6 ಜಿಬಿ ಸಾಕಿತ್ತು. ಅಂದಾಜು ಮಾಡುವ ಹೊಸಬರು ಮೊದಲು ಎಡವುವುದು ಇಲ್ಲೇ. ಒಂದು ಸಿನಿಮಾದ ಗಾತ್ರ ತೆಗೆದುಕೊಂಡು ಸಿನಿಮಾಗಳ ಸಂಖ್ಯೆಯಿಂದ ಗುಣಿಸಿಬಿಡುತ್ತಾರೆ, ಮೆಟ್ಟಿಲುಗಳನ್ನು ಮರೆಯುತ್ತಾರೆ. ಉತ್ತರ ಮೂರೂವರೆ ಪಟ್ಟು ಕಡಿಮೆ ಬರುತ್ತದೆ.

ಈಗ ಸಿನಿಮಾಗಳ ಸಂಖ್ಯೆಗೆ ಬರೋಣ. ಕೇರಳ ಸರ್ಕಾರ 2024ರ ಮಾರ್ಚ್ 7ರಂದು ಸಿ-ಸ್ಪೇಸ್ ಎಂಬ ತನ್ನದೇ ಒಟಿಟಿ ಆರಂಭಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಪ್ರಸಾರ ಭಾರತಿಯ ವೇವ್ಸ್ ಬಂತು. ಸಿ-ಸ್ಪೇಸ್ ಬಂದು ಸರಿಯಾಗಿ ಒಂದು ವರ್ಷಕ್ಕೆ, 2025ರ ಮಾರ್ಚ್ 7ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಒಟಿಟಿ ವೇದಿಕೆ ರೂಪಿಸುವ ಮಾತು ಬಂತು. ಅದರ ಜೊತೆಗೆ ನಾಡಿನ ಬದುಕು, ಇತಿಹಾಸ, ಸಂಸ್ಕೃತಿಯನ್ನು ತೋರಿಸುವ ಕನ್ನಡ ಚಿತ್ರಗಳನ್ನು ಕಾಪಿಡುವ ಭಂಡಾರಕ್ಕೆ 3 ಕೋಟಿ ರೂಪಾಯಿಯನ್ನೂ ಘೋಷಿಸಿದರು. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಎಂಬುದೇ ಅವತ್ತಿನ ದೊಡ್ಡ ಸುದ್ದಿಯಾಗಿ, ಈ ಎರಡು ಮಾತು ಪಕ್ಕಕ್ಕೆ ಸರಿದವು. ಅಂದಾಜಿಗೆ ಮಾತ್ರ ಇವೇ ರಸವತ್ತಾದ ವಿಷಯ. ಒಟಿಟಿ ಬೇರೆ, ಭಂಡಾರ ಬೇರೆ. ಎರಡಕ್ಕೂ ಒಂದೇ ಸಿನಿಮಾ, ಆದರೆ ಬೇಕಾದ ಜಾಗ ಒಂದೇ ಅಲ್ಲ.

1934ರಿಂದ ಇಲ್ಲಿಯವರೆಗಿನ ಕನ್ನಡ ಚಿತ್ರಗಳು ಐದು ಸಾವಿರ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನಾಲ್ಕೂವರೆ ಇರಲಿ, ಐದೂವರೆ ಇರಲಿ, ಅದರಿಂದ ಏನೂ ಮುಳುಗುವುದಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ. ಒಂದೊಂದೂ ಎರಡೂವರೆ ಗಂಟೆ. ಒಟ್ಟು 12,500 ಗಂಟೆ. ಗಂಟೆಗೆ 9 ಜಿಬಿಯಂತೆ 1,12,500 ಜಿಬಿ, ಅಂದರೆ 112.5 ಟಿಬಿ.

ಡಿಸ್ಕ್ ಕೆಡದೆ ಇರುವುದಿಲ್ಲ, ಆದ್ದರಿಂದ ಮೂರು ಪ್ರತಿ ಇಡೋಣ. 337.5 ಟಿಬಿ. ಡಿಸ್ಕನ್ನು ಬಾಯಿಯವರೆಗೆ ತುಂಬಬಾರದು, ನಾಲ್ಕರಲ್ಲಿ ಒಂದು ಪಾಲು ಖಾಲಿ ಬಿಡೋಣ. 450 ಟಿಬಿ ಆಯಿತು. ಈಗ ಮಾರುಕಟ್ಟೆಯಲ್ಲಿ ಸಿಗುವ 20 ಟಿಬಿ ಡಿಸ್ಕ್ ಒಂದು ದಪ್ಪ ಪಾಕೆಟ್ ನಿಘಂಟಿನಷ್ಟಿರುತ್ತದೆ. ಅಂಥವು 23 ಬೇಕು. ಅಂದರೆ ಕನ್ನಡದ ಎಲ್ಲ ಸಿನಿಮಾಗಳು, ಹತ್ತು ದರ್ಜೆಯಲ್ಲಿ, ಮೂರು ಪ್ರತಿ ಮಾಡಿದರೂ ನಮ್ಮ ಮನೆಯ ಗಾಡ್ರೇಜ್ ಬೀರುವಿನ ಒಂದು ಖಾನೆಯಲ್ಲಿ ಕೂರುತ್ತವೆ. ಅಕ್ಕನ ಮಗ ಈ ಉತ್ತರ ನೋಡಿ ಸೊನ್ನೆ ಎಲ್ಲೋ ಬಿಟ್ಟೆನೇನೋ ಎಂದು ಎರಡು ಸಲ ಲೆಕ್ಕ ಹಾಕಿದ.

ಸೊನ್ನೆ ಬಿಟ್ಟಿರಲಿಲ್ಲ. ಬಿಟ್ಟದ್ದು ಬೇರೆಯೇ. ಇದು ಫೋನಿನಲ್ಲಿ ನೋಡುವವರಿಗೆ ಬಡಿಸಲು ಬೇಕಾದ ಅಕ್ಕಿ. ಬಿತ್ತನೆಗೆ ಭತ್ತ ಎಲ್ಲಿ?

ಭತ್ತ ಬೆಳೆಯುವವರ ಮನೆಯಲ್ಲಿ ಬೀಜದ ಭತ್ತವನ್ನು ಕಣಜಕ್ಕೆ ಸೇರಿಸುವುದಿಲ್ಲ. ಒಳ್ಳೆಯ ತೆನೆಯದ್ದನ್ನು ಆರಿಸಿ, ಬೇರೆ ಕಟ್ಟಿ, ಇಲಿ ಮುಟ್ಟದ ಕಡೆ ಇಡುತ್ತಾರೆ. ಸಿನಿಮಾಕ್ಕೆ ಆ ಬೀಜ ಎಂದರೆ ಮಾಸ್ಟರ್ ಪ್ರತಿ. ಒಮ್ಮೆ ಸುಲಿದ ವಿಡಿಯೋವನ್ನು ಮತ್ತೆ ಸುಲಿದರೆ ಕಾಳೇ ಒಡೆಯುತ್ತದೆ. ನಾಳೆ ಹೊಸ ಕೋಡೆಕ್ ಬಂದಾಗ ಹತ್ತೂ ಮೆಟ್ಟಿಲನ್ನು ಹೊಸದಾಗಿ ಮಾಡಲು ಮಾಸ್ಟರ್ ಬೇಕೇ ಬೇಕು. ಸಂಕಲನದ ಕೋಣೆಗಳಲ್ಲಿ ಬಳಕೆಯಲ್ಲಿರುವ ಆಪಲ್‌ನ ಪ್ರೋರೆಸ್ 422 ಎಚ್‌ಕ್ಯೂ ಮಾದರಿಯಲ್ಲಿ ಫುಲ್ ಎಚ್‌ಡಿ ಮಾಸ್ಟರ್ ಇಟ್ಟರೆ 176 ಎಂಬಿಪಿಎಸ್, ಗಂಟೆಗೆ ಸುಮಾರು 80 ಜಿಬಿ. ನಮ್ಮ 12,500 ಗಂಟೆಗೆ ಹತ್ತು ಲಕ್ಷ ಜಿಬಿ, ಅಂದರೆ 1,000 ಟಿಬಿ. ಅದಕ್ಕೊಂದು ಹೆಸರಿದೆ, ಪೆಟಾಬೈಟ್. ಬೀರುವಿನ ಒಂದು ಖಾನೆಯಿಂದ ಒಂದು ಕೋಣೆಗೆ ಬಂದೆವು.

ಇನ್ನೂ ಒಂದು ಮೆಟ್ಟಿಲಿದೆ. ಹಳೆಯ ಚಿತ್ರಗಳು ರೀಲಿನಲ್ಲಿವೆ. ಭಂಡಾರ ಎಂಬ ಹೆಸರಿಗೆ ತಕ್ಕಂತೆ ಕಾಪಿಡಬೇಕಾದರೆ ರೀಲಿನ ಒಂದೊಂದು ಚೌಕಟ್ಟನ್ನೂ 4ಕೆಯಲ್ಲಿ ಸ್ಕ್ಯಾನ್ ಮಾಡಿ, ಏನನ್ನೂ ಸುಲಿಯದೆ ಇಡಬೇಕು. ಚೌಕಟ್ಟಿಗೆ ಸುಮಾರು 51 ಎಂಬಿ. ಸೆಕೆಂಡಿಗೆ 24ರಂತೆ ಎರಡೂವರೆ ಗಂಟೆಗೆ 2,16,000 ಚೌಕಟ್ಟು. ಒಂದೇ ಸಿನಿಮಾಕ್ಕೆ 11 ಟಿಬಿ. ಬೀರುವಿನ ಖಾನೆಯಲ್ಲಿದ್ದ ಇಡೀ ಕನ್ನಡ ಚಿತ್ರರಂಗದ ಒಂದು ಪ್ರತಿಯ ಜಾಗವನ್ನು ಇಲ್ಲಿ ಹತ್ತೇ ಹತ್ತು ಸಿನಿಮಾ ತಿನ್ನುತ್ತವೆ. ಐದು ಸಾವಿರಕ್ಕೆ 55 ಪೆಟಾಬೈಟ್. ಹೊಸ ಚಿತ್ರಗಳು ಹುಟ್ಟುತ್ತಲೇ ಡಿಜಿಟಲ್ ಆದ್ದರಿಂದ ಅಷ್ಟು ಬೇಕಾಗದು, ಆದರೂ ಅರ್ಧಕ್ಕೆ ಇಳಿಸಿದರೂ ಅದು ದೊಡ್ಡ ಗೋಡೌನೇ. ಇಂಥದ್ದನ್ನು ಯಾರೂ ಸದಾ ತಿರುಗುವ ಡಿಸ್ಕಿನಲ್ಲಿ ಇಡುವುದಿಲ್ಲ, ಮ್ಯಾಗ್ನೆಟಿಕ್ ಟೇಪಿಗೆ ಬರೆದು ಕಪಾಟಿನಲ್ಲಿಡುತ್ತಾರೆ. 2021ರಲ್ಲಿ ಬಂದ ಎಲ್‌ಟಿಓ-9 ಟೇಪಿನ ಒಂದು ಡಬ್ಬಿಯಲ್ಲಿ 18 ಟಿಬಿ ಹಿಡಿಯುತ್ತದೆ. ಅಂಥ ಮೂರು ಸಾವಿರ ಡಬ್ಬಿಗಳ ಕಪಾಟನ್ನು ಕಲ್ಪಿಸಿಕೊಳ್ಳಿ. ಅದೂ ಒಂದೇ ಪ್ರತಿಗೆ.

ಐದು ಸಾವಿರ ಸಿನಿಮಾಕ್ಕೆ ಎಷ್ಟು ಜಾಗ ಬೇಕು ಎಂಬ ಒಂದೇ ಪ್ರಶ್ನೆಗೆ 112 ಟಿಬಿ, 1,000 ಟಿಬಿ, 55,000 ಟಿಬಿ ಎಂದು ಮೂರು ಉತ್ತರ. ಮೂರೂ ಸರಿ. ಮೊದಲನೆಯದಕ್ಕೂ ಕೊನೆಯದಕ್ಕೂ ಹತ್ತಿರ ಹತ್ತಿರ ಐನೂರು ಪಟ್ಟು ಅಂತರ. ಸಿನಿಮಾಗಳ ಸಂಖ್ಯೆಯಲ್ಲಿ ಐನೂರು ಹೆಚ್ಚುಕಮ್ಮಿಯಾದರೆ ಉತ್ತರ ನೂರಕ್ಕೆ ಹತ್ತರಷ್ಟು ಅಲುಗೀತು. ಯಾಕೆ ಇಡುತ್ತಿದ್ದೇವೆ ಎಂಬುದನ್ನು ತಪ್ಪಾಗಿ ತಿಳಿದರೆ ಉತ್ತರವೇ ಬೇರೆ ಊರಿನದಾಗುತ್ತದೆ. ನೋಡಲೋ, ಮತ್ತೆ ಸಂಸ್ಕರಿಸಲೋ, ನೂರು ವರ್ಷ ಉಳಿಸಲೋ? ಇಂಟರ್‌ವ್ಯೂನಲ್ಲಿ ಒಳ್ಳೆಯ ಅಭ್ಯರ್ಥಿ ಮೊದಲು ಲೆಕ್ಕ ಶುರುಮಾಡುವುದಿಲ್ಲ, ಈ ಪ್ರಶ್ನೆ ತಿರುಗಿ ಕೇಳುತ್ತಾನೆ.

ಈ ಪ್ರಶ್ನೆ ಕೇಳದೇ ಹೋದ ಕಾಲದ ಬೆಲೆ ಏನೆಂದು ಕನ್ನಡ ಚಿತ್ರರಂಗದ ಮೊದಲ ಪುಟವೇ ಹೇಳುತ್ತದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ', ವೈ.ವಿ. ರಾವ್ ನಿರ್ದೇಶಿಸಿದ್ದು, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಈಗ ಅದರ ಪ್ರಿಂಟ್ ಉಳಿದಿಲ್ಲ. ಪ್ರತಿವರ್ಷ ಆ ದಿನವನ್ನು ನೆನೆಯುತ್ತೇವೆ, ನೋಡಲು ಚಿತ್ರವಿಲ್ಲ. ಅವತ್ತು ರೀಲು ಓಡುವಷ್ಟು ದಿನ ಓಡಬೇಕಾದ ಸರಕಾಗಿತ್ತು. ನಮ್ಮ ಡಿವಿಆರ್‌ಗೆ ಹನ್ನೊಂದೂವರೆ ದಿನವಿದ್ದಂತೆ ಅದಕ್ಕೂ ಒಂದು ಅವಧಿಯಿತ್ತು. ಅದು ಎಷ್ಟು ಎಂದು ಯಾರೂ ಕೂತು ನಿಶ್ಚಯಿಸಿರಲಿಲ್ಲ, ಅಷ್ಟೇ.

ಇದುವರೆಗೆ ಹೇಳಿದ್ದು ನಿಂತ ನೀರಿನ ಲೆಕ್ಕ. ಈಗ ಒಳಹರಿವು. ಒಂದು ಕನ್ನಡ ವಾಹಿನಿಯಲ್ಲಿ ದಿನಕ್ಕೆ ಹತ್ತು ಧಾರಾವಾಹಿ, ಜಾಹೀರಾತು ಕಳೆದು ಒಂದೊಂದು 22 ನಿಮಿಷ, ವರ್ಷಕ್ಕೆ 300 ದಿನ ಎಂದು ಹಿಡಿಯಿರಿ. ವರ್ಷಕ್ಕೆ 1,100 ಗಂಟೆ, ಅಂದರೆ 440 ಸಿನಿಮಾದಷ್ಟು. ಇಡೀ ಚಿತ್ರರಂಗ ವರ್ಷವೆಲ್ಲ ದುಡಿದು ಇನ್ನೂರು ಚಿಲ್ಲರೆ ಚಿತ್ರ ಕೊಟ್ಟರೆ, ಅತ್ತೆ ಸೊಸೆಯರು ಒಂದೇ ವಾಹಿನಿಯಿಂದ ಅದರ ಎರಡು ಪಟ್ಟು ತುಂಬುತ್ತಾರೆ. ಆ ಸಂಚಿಕೆಗಳನ್ನು ಎಷ್ಟು ವರ್ಷ ಇಡಬೇಕು? ಮತ್ತೆ ಅದೇ ಪ್ರಶ್ನೆ.

ಯೂಟ್ಯೂಬಿಗೆ ಬನ್ನಿ. ಅಲ್ಲಿಗೆ ನಿಮಿಷಕ್ಕೆ 500 ಗಂಟೆಗೂ ಹೆಚ್ಚು ವಿಡಿಯೋ ಬಂದು ಬೀಳುತ್ತದೆ ಎಂದು ಆ ಕಂಪನಿಯೇ ಹೇಳಿಕೊಂಡಿದೆ. ನಮ್ಮ 12,500 ಗಂಟೆಯನ್ನು 500ರಿಂದ ಭಾಗಿಸಿ. ತೊಂಬತ್ತು ವರ್ಷದ ಕನ್ನಡ ಸಿನಿಮಾ, ಯೂಟ್ಯೂಬಿನ ಇಪ್ಪತ್ತೈದು ನಿಮಿಷ. ದಿನಕ್ಕೆ 7,20,000 ಗಂಟೆ, ಒಬ್ಬ ಮನುಷ್ಯ ಎವೆಯಿಕ್ಕದೆ ನೋಡಿದರೂ 82 ವರ್ಷ ಬೇಕು. ಎಲ್ಲ ದರ್ಜೆ ಸೇರಿ ಗಂಟೆಗೆ 5 ಜಿಬಿ ಎಂದು ಹಿಡಿದರೂ ದಿನಕ್ಕೆ 3,600 ಟಿಬಿ, 20 ಟಿಬಿಯ 180 ಡಿಸ್ಕು. ಇಲ್ಲಿ ಬೀರು, ಕೋಣೆ, ಗೋಡೌನು ಯಾವ ಹೋಲಿಕೆಯೂ ನಡೆಯುವುದಿಲ್ಲ, ಯಾಕೆಂದರೆ ಇದು ಕಣಜವೇ ಅಲ್ಲ, ತುಂಬಿ ಹರಿಯುವ ಹೊಳೆ. ಇಂಥ ಕಡೆ ಎಷ್ಟು ಇದೆ ಎಂದು ಕೇಳಬಾರದು, ದಿನಕ್ಕೆ ಎಷ್ಟು ಬರುತ್ತಿದೆ ಎಂದು ಕೇಳಬೇಕು.

ಕ್ರಿಕೆಟ್ಟಿನದ್ದು ಇನ್ನೊಂದು ಬಗೆ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ ಫೈನಲ್ ಅನ್ನು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡುತ್ತಿದ್ದ ಗಳಿಗೆಯಿತ್ತು. ಆ ಪಂದ್ಯವನ್ನು ಹತ್ತು ಮೆಟ್ಟಿಲಿನಲ್ಲಿ ಇಡಲು ಎಷ್ಟು ಜಾಗ? ಒಂಬತ್ತು ಗಂಟೆಯ ಆಟ, ಗಂಟೆಗೆ 9 ಜಿಬಿಯಂತೆ 81 ಜಿಬಿ. ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಹರಿವು? ತಲೆಗೆ ಬರೀ 2 ಎಂಬಿಪಿಎಸ್ ಎಂದರೂ 11.8 ಕೋಟಿ ಎಂಬಿಪಿಎಸ್. ಅಂದರೆ ಒಂದು ಬಿಂದಿಗೆ ನೀರು, ಅದಕ್ಕೆ ಆರು ಕೋಟಿ ನಲ್ಲಿ. ಟಿಎಂಸಿ ನೋಡಿ ಕ್ಯುಸೆಕ್ ಮರೆತವನು ಇಲ್ಲಿ ಮುಳುಗುತ್ತಾನೆ. ಇದನ್ನು ಒಂದು ಊರಿನಿಂದ ಹರಿಸಲು ಸಾಧ್ಯವೇ ಇಲ್ಲ. ಆದ್ದರಿಂದ ನಕಲುಗಳನ್ನು ನೋಡುವವರ ಹತ್ತಿರಕ್ಕೆ, ಇಂಟರ್‌ನೆಟ್ ಕೊಡುವ ಕಂಪನಿಗಳ ಕಟ್ಟಡಕ್ಕೇ ಒಯ್ದು ಇಡುತ್ತಾರೆ. ನೆಟ್‌ಫ್ಲಿಕ್ಸ್ 2012ರಲ್ಲಿ ಓಪನ್ ಕನೆಕ್ಟ್ ಎಂಬ ಹೆಸರಿನಲ್ಲಿ ಇಂಥ ಪೆಟ್ಟಿಗೆಗಳನ್ನು ಪ್ರಕಟಿಸಿತು. ಜನ ಮಲಗಿದ ಹೊತ್ತಿನಲ್ಲಿ, ನಾಳೆ ಜನ ನೋಡಬಹುದಾದದ್ದನ್ನು ಅವುಗಳಿಗೆ ತುಂಬಿಸುತ್ತಾರೆ. ಅಟ್ಟದ ಕಣಜದಿಂದ ಅಡುಗೆಮನೆಯ ಡಬ್ಬಿಗೆ ವಾರದ ಅಕ್ಕಿ ಇಳಿಸಿದ ಹಾಗೆ. ಡಬ್ಬಿಗಳೂ ಜಾಗವೇ ತಾನೆ, ಅಂದಾಜಿನಲ್ಲಿ ಅವನ್ನೂ ಸೇರಿಸಬೇಕು.

ಮೂರು ಪ್ರತಿ ಎಂದೆನಲ್ಲ, ಅಲ್ಲಿ ಉಳಿತಾಯದ ಒಂದು ಉಪಾಯವೂ ಇದೆ. ರೈಟರ್ ಪುಸ್ತಕದಲ್ಲಿ ಎರಡು ಸಾಲು: ಕೆಳಗಿನ ಕಣ 12 ಮೂಟೆ, ಮೇಲಿನ ಕಣ 7 ಮೂಟೆ. ಕೆಳಗೆ ಮೊತ್ತ 19. ಯಾವುದಾದರೂ ಒಂದು ಸಂಖ್ಯೆಯ ಮೇಲೆ ಕಾಫಿ ಚೆಲ್ಲಿ ಅಳಿಸಿಹೋದರೂ ಉಳಿದ ಎರಡರಿಂದ ಅದನ್ನು ತೆಗೆಯಬಹುದು. ಇಡೀ ಪುಟವನ್ನು ಇನ್ನೊಮ್ಮೆ ಬರೆದಿಡುವ ಕೆಲಸವಿಲ್ಲ. ದೊಡ್ಡ ಕಂಪನಿಗಳು ಇದನ್ನೇ ಹಿಗ್ಗಿಸಿ, ಒಂದು ಕಡತವನ್ನು ಹತ್ತು ತುಂಡು ಮಾಡಿ, ಮೊತ್ತದಂಥ ನಾಲ್ಕು ತುಂಡು ಸೇರಿಸಿ, ಹದಿನಾಲ್ಕು ಡಿಸ್ಕಿಗೆ ಹಂಚುತ್ತವೆ. ಯಾವ ನಾಲ್ಕು ಕೆಟ್ಟರೂ ಕಡತ ಉಳಿಯುತ್ತದೆ. ಮೂರು ಪಟ್ಟು ಜಾಗ ಬೇಕಾದಲ್ಲಿ 1.4 ಪಟ್ಟು ಸಾಕು. ಬೀರುವಿನ ಖಾನೆಯಲ್ಲಿ ಕೂರುವ ನಮ್ಮ ಕನ್ನಡ ಒಟಿಟಿಗೆ ಈ ಜಾಣತನದ ಅಗತ್ಯ ಅಷ್ಟಿಲ್ಲ. ಯೂಟ್ಯೂಬಿನಂಥ ಹೊಳೆಗೆ ಇದಿಲ್ಲದೆ ಗತಿಯಿಲ್ಲ.

ಅಂದಾಜು ಎಂದರೆ ಬಾಯಿಗೆ ಬಂದದ್ದು ಹೇಳುವುದಲ್ಲ ಎಂದು ಕಾಫಿ ಬೆಳೆಗಾರರಿಗೆ ಬೇರೆಯವರು ಹೇಳಬೇಕಿಲ್ಲ. ಕಾಫಿ ಬೋರ್ಡ್ ವರ್ಷದ ಬೆಳೆಯನ್ನು ಒಮ್ಮೆ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಹೂಮಳೆ ಬಿದ್ದು ಹೂ ಕಟ್ಟಿದ ಮೇಲೊಂದು ಅಂದಾಜು, ಮಳೆಗಾಲ ಕಳೆದು ಎಷ್ಟು ಕಾಯಿ ಉದುರಿತೆಂದು ಗೊತ್ತಾದ ಮೇಲೆ ಇನ್ನೊಂದು. ಗಿಡ ನೋಡಿ, ರೆಕ್ಕೆ ನೋಡಿ, ಗೊನೆ ನೋಡಿ, ಗೊತ್ತಿಲ್ಲದ ದೊಡ್ಡ ಸಂಖ್ಯೆಯನ್ನು ಗೊತ್ತಿರುವ ಸಣ್ಣ ಸಂಖ್ಯೆಗಳಾಗಿ ಒಡೆಯುತ್ತಾರೆ. ಸ್ಟೋರೇಜಿನ ಅಂದಾಜೂ ಹೀಗೆಯೇ. ಬಿಟ್‌ರೇಟ್, ಗಂಟೆ, ಮೆಟ್ಟಿಲು, ಪ್ರತಿ, ಖಾಲಿ ಬಿಡುವ ಪಾಲು, ಇವಿಷ್ಟನ್ನೂ ಗುಣಿಸುವುದು ಯಂತ್ರಕ್ಕೂ ಬರುತ್ತದೆ. ಗುಣಿಸಬೇಕಾದ ಇನ್ನೊಂದು ಸಂಖ್ಯೆ ಮಾತ್ರ ಯಾವ ಡಬ್ಬಿಯ ಮೇಲೂ ಅಚ್ಚಾಗಿರುವುದಿಲ್ಲ. ಎಷ್ಟು ದಿನ ಇಡಬೇಕು? ಅದನ್ನು ಇಟ್ಟುಕೊಳ್ಳುವವರೇ ಹೇಳಬೇಕು.

ಅಂಗಡಿಯ ಹುಡುಗ ಅವತ್ತು ನನ್ನನ್ನು ಕೇಳಬೇಕಿದ್ದದ್ದೂ ನಾನು ನನ್ನನ್ನೇ ಕೇಳಿಕೊಳ್ಳಬೇಕಿದ್ದದ್ದೂ ಅದನ್ನೇ: ನೀವು ಮೂಟೆ ಎಣಿಸುವುದು ಎಷ್ಟು ದಿನಕ್ಕೊಮ್ಮೆ? ಹದಿನೈದು ದಿನಕ್ಕೆ ಎಂದಿದ್ದರೆ ಒಂದು ಟಿಬಿ ಸಾಲದೆಂದು ಆಗಲೇ ಗೊತ್ತಾಗುತ್ತಿತ್ತು.

"ಎರಡು ಟಿಬಿ ಹಾಕ್ಸಿಬಿಡಿ ಮಾವ, ಇಪ್ಪತ್ಮೂರು ದಿನ ಬರುತ್ತೆ" ಎಂದ ಅಕ್ಕನ ಮಗ, ಚೀಟಿ ನನ್ನ ಕೈಗೆ ಕೊಡುತ್ತ. ರೈಟರ್ ಇನ್ನೂ ಕಂಬಕ್ಕೆ ಒರಗಿಯೇ ನಿಂತಿದ್ದರು. ನಮ್ಮ ಜಿಬಿ ಟಿಬಿಯ ಮಾತಿಗೆ ಅವರು ಬಾಯಿ ಹಾಕಿರಲಿಲ್ಲ. "ಅದ್ಯಾಕಣ್ಣ ದುಡ್ಡು ಹಾಕ್ತೀರಿ, ಮೂಟೆನೇ ವಾರಕ್ಕೊಂದ್ಸಲ ಎಣಿಸಿದ್ರೆ ಆಗಲ್ವಾ?" ಅಂದರು.

ಡಿಸ್ಕ್ ಬದಲಾಗಲಿಲ್ಲ. ಆ ನಾಲ್ಕು ಮೂಟೆ ಹೋದದ್ದು ಹೋಯಿತು. ಈಗ ನಮ್ಮ ಕಣದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಮೂಟೆ ಎಣಿಸುತ್ತಾರೆ.